ಸ್ಯಾಮ್ಯುಯೆಲ್ ಲೇಂಗ್: ರೈಲ್ವೆ ಕಂಪನಿಯ ಅಧ್ಯಕ್ಷರೊಬ್ಬರು ಭಾರತದ ಹಣಕಾಸು ಸದಸ್ಯರಾದದ್ದು ಹೇಗೆ?

ನಾಣ್ಯಪ್ರಿಯ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹಳೆಯ ನೋಟುಗಳ ಚರಿತ್ರೆಯನ್ನು ಓದುತ್ತಿರುವ ನನಗೆ ಒಂದು ವಿಷಯದಲ್ಲಿ ತಿಳಿದವರ ನೆರವು ಬೇಕಾಗಿದೆ. ವಿಕ್ಟೋರಿಯಾ ರಾಣಿಯ ಪುಟ್ಟ ಭಾವಚಿತ್ರವಿದ್ದ, ಒಂದೇ ಬದಿಗೆ ಮುದ್ರಣವಾಗಿದ್ದ, ಎರಡು ಭಾಷೆಗಳಲ್ಲಿ ಮೌಲ್ಯವನ್ನು ಬರೆದಿದ್ದ ಆ ಮೊದಲ ಸರ್ಕಾರಿ ನೋಟುಗಳನ್ನು ನಮ್ಮಲ್ಲಿ ಹಲವರು ಚಿತ್ರದಲ್ಲಾದರೂ ನೋಡಿರುತ್ತೀರಿ. ಅವುಗಳಿಗೆ ಆಧಾರವಾದ ಕಾಯ್ದೆ 1861ರದು. ಅದರ ಪ್ರಸ್ತಾಪ ಬಂದಾಗಲೆಲ್ಲ ಭಾರತದ ಮೊದಲ ಹಣಕಾಸು ಸದಸ್ಯರಾಗಿದ್ದ ಜೇಮ್ಸ್ ವಿಲ್ಸನ್ ಅವರ ಹೆಸರು ಬರುತ್ತದೆ. ಆದರೆ ವಿಲ್ಸನ್ 1860ರ ಆಗಸ್ಟ್‌ನಲ್ಲೇ ಕಲ್ಕತ್ತಾದಲ್ಲಿ ತೀರಿಕೊಂಡಿದ್ದರು. ಕಾಯ್ದೆ ಅಂಗೀಕಾರವಾದಾಗ ವೈಸ್‌ರಾಯ್ ಮಂಡಳಿಯಲ್ಲಿ ಹಣಕಾಸು ಸದಸ್ಯರಾಗಿದ್ದವರು ಸ್ಯಾಮ್ಯುಯೆಲ್ ಲೇಂಗ್ ಎಂಬವರು.

ಇವರ ಬಗ್ಗೆ ಹುಡುಕುತ್ತಾ ಹೋದರೆ, ಅದಕ್ಕೆ ಮೊದಲು ಇಂಗ್ಲೆಂಡಿನ ಒಂದು ದೊಡ್ಡ ರೈಲ್ವೆ ಕಂಪನಿಯ ಅಧ್ಯಕ್ಷರಾಗಿದ್ದರೆಂದೂ, ಆಮೇಲೆ ಪಾರ್ಲಿಮೆಂಟಿಗೆ ಹೋದರೆಂದೂ, ಭಾರತದಿಂದ ಹಿಂದಿರುಗಿದ ಬಳಿಕ ಮತ್ತೆ ಅದೇ ಕಂಪನಿಯ ಅಧ್ಯಕ್ಷತೆಯನ್ನು ವಹಿಸಿಕೊಂಡರೆಂದೂ ತಿಳಿಯಿತು. ಕಂಪನಿಯ ಷೇರುದಾರರಿಗೆ ಡಿವಿಡೆಂಡ್ ಲೆಕ್ಕ ಒಪ್ಪಿಸುತ್ತಿದ್ದವರೊಬ್ಬರು ಇಷ್ಟು ದೊಡ್ಡ ದೇಶದ ಬೊಕ್ಕಸವನ್ನು ನೋಡಿಕೊಳ್ಳುವ ಸ್ಥಾನಕ್ಕೆ ಬಂದದ್ದು ಹೇಗೆ? ಆ ಕಾಲದಲ್ಲಿ ಇದು ಸಾಮಾನ್ಯ ಸಂಗತಿಯಾಗಿತ್ತೇ? ಅವರ ಬದುಕಿನ ಬಗ್ಗೆ ಸ್ವಲ್ಪ ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಹಳಿಯ ಹಾದಿ

ನಾಣ್ಯಪ್ರಿಯ ಅವರೇ, ಲೇಂಗ್ ಅವರನ್ನು ರೈಲ್ವೆ ನಿರ್ದೇಶಕರೆಂದು ಮಾತ್ರ ನೋಡಿದರೆ ಅವರ ಕಥೆಯ ಮುಖ್ಯ ಭಾಗವೇ ತಪ್ಪಿಹೋಗುತ್ತದೆ. ರೈಲ್ವೆ ಕಂಪನಿಗೆ ಸೇರುವುದಕ್ಕೆ ಮೊದಲು ಅವರು ರೈಲ್ವೆ ಕಂಪನಿಗಳ ಮೇಲೆ ಕಣ್ಣಿಡಬೇಕಾದ ಸರ್ಕಾರಿ ಅಧಿಕಾರಿಯಾಗಿದ್ದರು. ನನ್ನ ಅಭಿಪ್ರಾಯದಲ್ಲಿ ಅವರ ಜೀವಮಾನದ ಅತಿ ದೊಡ್ಡ ಕೆಲಸ ನಡೆದದ್ದು ಆ ಕುರ್ಚಿಯಲ್ಲಿ ಕುಳಿತಾಗಲೇ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

1812ರಲ್ಲಿ ಎಡಿನ್‌ಬರೊದಲ್ಲಿ ಹುಟ್ಟಿದ ಲೇಂಗ್ ಅವರ ಮನೆತನ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳದು. ತಂದೆಯ ಹೆಸರೂ ಸ್ಯಾಮ್ಯುಯೆಲ್ ಲೇಂಗ್. ನಾರ್ವೆ ಮತ್ತು ಸ್ವೀಡನ್ ಪ್ರವಾಸದ ಬಗ್ಗೆ ಬರೆದು ಹೆಸರಾದವರು ಅವರೇ ಆದ್ದರಿಂದ, ಹುಡುಕುವಾಗ ಇಬ್ಬರೂ ಬೆರೆತುಹೋಗದಂತೆ ಎಚ್ಚರವಹಿಸಿ. ಮಗ ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಓದಿ, ಗಣಿತದ ಪದವಿ ಪರೀಕ್ಷೆಯಲ್ಲಿ ಎರಡನೇ ಸ್ಥಾನ ಪಡೆದು, ಆಮೇಲೆ ವಕೀಲಿ ವೃತ್ತಿಗೆ ಇಳಿದರು. ಬೋರ್ಡ್ ಆಫ್ ಟ್ರೇಡ್‌ನ (ಬ್ರಿಟನ್ನಿನ ವಾಣಿಜ್ಯ ಇಲಾಖೆಯ) ಅಧ್ಯಕ್ಷರಾಗಿದ್ದ ಹೆನ್ರಿ ಲಾಬೂಷೇರ್ ಅವರಿಗೆ ಆಪ್ತ ಕಾರ್ಯದರ್ಶಿಯಾಗಿ ಸರ್ಕಾರಿ ಸೇವೆಗೆ ಬಂದ ಇವರು, 1842ರಲ್ಲಿ ಅದೇ ಬೋರ್ಡಿನ ರೈಲ್ವೆ ವಿಭಾಗಕ್ಕೆ ಕಾರ್ಯದರ್ಶಿಯಾದರು.

ಆಗಿನ ಪರಿಸ್ಥಿತಿಯನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳಬೇಕು. ಹಳಿ ಹಾಸುವ ಭೂಮಿಯನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು ಪಾರ್ಲಿಮೆಂಟು ಕಂಪನಿಗಳಿಗೆ ಕೊಡುತ್ತಿತ್ತು. ಆದರೆ ಗಾಡಿ ಹೇಗಿರಬೇಕು, ಎಷ್ಟು ಹೊತ್ತಿಗೆ ಓಡಬೇಕು, ಬಡವನಿಂದ ಎಷ್ಟು ದರ ತೆಗೆದುಕೊಳ್ಳಬೇಕು ಎಂಬುದೆಲ್ಲ ಬಹುಮಟ್ಟಿಗೆ ಕಂಪನಿಯ ಮರ್ಜಿಗೆ ಬಿಟ್ಟ ವಿಷಯವಾಗಿತ್ತು. ಹಲವು ಕಡೆ ಮೂರನೇ ದರ್ಜೆಯೆಂದರೆ ಮೇಲ್ಛಾವಣಿಯಿಲ್ಲದ ತೆರೆದ ಬಂಡಿ, ಅದೂ ಸರಕಿನ ಗಾಡಿಗೆ ಜೋಡಿಸಿದ್ದು. 1841ರ ಕ್ರಿಸ್ಮಸ್‌ನ ಹಿಂದಿನ ದಿನ ಬೆಳಗಿನ ಜಾವ, ರೆಡಿಂಗ್ ಪಟ್ಟಣದ ಹತ್ತಿರ ಸಾನಿಂಗ್ ಎಂಬಲ್ಲಿ ಗುಡ್ಡ ಕಡಿದು ಮಾಡಿದ ದಾರಿಯಲ್ಲಿ, ಮಳೆಗೆ ಕುಸಿದು ಹಳಿಯ ಮೇಲೆ ಬಿದ್ದಿದ್ದ ಮಣ್ಣಿಗೆ ಗ್ರೇಟ್ ವೆಸ್ಟರ್ನ್ ಕಂಪನಿಯ ಸರಕಿನ ಗಾಡಿಯೊಂದು ನುಗ್ಗಿತು. ಎಂಜಿನ್ನಿನ ಹಿಂದೆಯೇ ಜೋಡಿಸಿದ್ದ ಪ್ರಯಾಣಿಕರ ತೆರೆದ ಬಂಡಿಗಳು, ಅವುಗಳ ಹಿಂದಿದ್ದ ಭಾರದ ಸರಕಿನ ಬಂಡಿಗಳಿಗೆ ಸಿಕ್ಕಿ ನಜ್ಜುಗುಜ್ಜಾದವು. ಲಂಡನ್ನಿನಲ್ಲಿ ಹೊಸ ಪಾರ್ಲಿಮೆಂಟ್ ಭವನದ ಕೆಲಸ ಮಾಡುತ್ತಿದ್ದು, ಹಬ್ಬಕ್ಕೆ ಊರಿಗೆ ಹೊರಟಿದ್ದ ಕಲ್ಲುಕುಟಿಗರು ಸತ್ತವರಲ್ಲಿ ಹಲವರು.

ಈ ಹಿನ್ನೆಲೆಯಲ್ಲಿ 1844ರ ರೈಲ್ವೆ ನಿಯಂತ್ರಣ ಕಾಯ್ದೆ ಬಂತು. ಕಾಯ್ದೆಯನ್ನು ಮಂಡಿಸಿದವರು ಆಗ ಬೋರ್ಡ್ ಆಫ್ ಟ್ರೇಡ್‌ನ ಅಧ್ಯಕ್ಷರಾಗಿದ್ದ ಗ್ಲ್ಯಾಡ್‌ಸ್ಟನ್. ಆದರೆ ಬಡ ಪ್ರಯಾಣಿಕರಿಗಾಗಿ ಅಗ್ಗದ ಗಾಡಿಯನ್ನು ಓಡಿಸಲೇಬೇಕೆಂಬ ವಿಚಾರ ಮುಖ್ಯವಾಗಿ ಲೇಂಗ್ ಅವರ ಸಲಹೆಯಿಂದ ಬಂದದ್ದು. ಅದರ ಪ್ರಕಾರ, ಹೊಸ ಕಂಪನಿಗಳು ವಾರದ ಪ್ರತಿ ಕೆಲಸದ ದಿನವೂ ಎರಡೂ ದಿಕ್ಕಿಗೆ ಕನಿಷ್ಠ ಒಂದೊಂದು ಗಾಡಿಯನ್ನಾದರೂ ಎಲ್ಲ ನಿಲ್ದಾಣಗಳಲ್ಲೂ ನಿಲ್ಲಿಸಿ ಓಡಿಸಬೇಕಾಯಿತು. ನಿಲುಗಡೆಯ ಹೊತ್ತನ್ನೂ ಸೇರಿಸಿ ಗಂಟೆಗೆ 12 ಮೈಲಿಗಿಂತ ನಿಧಾನವಾಗುವಂತಿರಲಿಲ್ಲ. ದರ ಮೈಲಿಗೆ 1 ಪೆನ್ನಿ ಮೀರುವಂತಿರಲಿಲ್ಲ. ಬಂಡಿಯಲ್ಲಿ ಕೂರಲು ಆಸನವಿರಬೇಕು, ಗಾಳಿಮಳೆಗೆ ಮರೆಯಿರಬೇಕು, 56 ಪೌಂಡ್ ಸಾಮಾನನ್ನು ದರವಿಲ್ಲದೆ ಒಯ್ಯಲು ಬಿಡಬೇಕು. ಈ ಗಾಡಿಗಳ ಮೇಲಿನ ಪ್ರಯಾಣ ತೆರಿಗೆಯನ್ನು ಮನ್ನಾ ಮಾಡಿದ್ದರಿಂದ ಹಳೆಯ ಕಂಪನಿಗಳೂ ಕ್ರಮೇಣ ಒಪ್ಪಿಕೊಂಡವು. ಬಟ್ಟೆಯ ಗಂಟು, ಕಸುಬಿನ ಸಲಕರಣೆ ಹೊತ್ತು ಕೆಲಸ ಹುಡುಕಿ ಹೊರಡುವ ಮನುಷ್ಯನನ್ನು ಕಣ್ಮುಂದೆ ಇಟ್ಟುಕೊಂಡು ಬರೆದ ನಿಯಮಗಳಿವು ಎಂಬುದು ಆ 56 ಪೌಂಡಿನ ಮಾತಿನಲ್ಲೇ ಕಾಣುತ್ತದೆ.

ಮರುವರ್ಷ ಲಾರ್ಡ್ ಡಾಲ್‌ಹೌಸಿ ನೇತೃತ್ವದ ರೈಲ್ವೆ ಮಂಡಳಿಯಲ್ಲಿ ಲೇಂಗ್ ಸದಸ್ಯರಾಗಿದ್ದು, ನುಗ್ಗಿ ಬರುತ್ತಿದ್ದ ಹೊಸ ರೈಲ್ವೆ ಯೋಜನೆಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂಬ ವರದಿಗಳನ್ನು ಸಿದ್ಧಪಡಿಸಿದರು. ಪಾರ್ಲಿಮೆಂಟು ಆ ವರದಿಗಳನ್ನು ಬದಿಗಿಟ್ಟಿತು, ಮಂಡಳಿ ಮುಚ್ಚಿಹೋಯಿತು. ಮುಂದಿನ 1846ರ ಒಂದೇ ವರ್ಷದಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ರೈಲ್ವೆ ಕಾಯ್ದೆಗಳು ಅಂಗೀಕಾರವಾದವು. ಅವುಗಳಲ್ಲಿ ಎಷ್ಟೋ ಮಾರ್ಗಗಳು ಕಾಗದದ ಮೇಲೆಯೇ ಉಳಿದವು, ಉಳಿತಾಯ ಹಾಕಿದ್ದ ಸಾಮಾನ್ಯ ಜನ ಮುಳುಗಿದರು. ಲೇಂಗ್ ಸರ್ಕಾರಿ ಕೆಲಸ ಬಿಟ್ಟು ಮತ್ತೆ ವಕೀಲಿಗೆ ಮರಳಿದ್ದರು. ಆಗ, ಅಂದರೆ 1848ರಲ್ಲಿ, ಲಂಡನ್ನಿನಿಂದ ದಕ್ಷಿಣ ಕರಾವಳಿಗೆ ಹೋಗುವ ಲಂಡನ್, ಬ್ರೈಟನ್ ಅಂಡ್ ಸೌತ್ ಕೋಸ್ಟ್ ರೈಲ್ವೆಯ ಅಧ್ಯಕ್ಷ ಸ್ಥಾನಕ್ಕೆ ಕರೆ ಬಂತು. ಐದು ವರ್ಷಗಳಲ್ಲಿ ಆ ಮಾರ್ಗದ ಪ್ರಯಾಣಿಕರ ಸಂಖ್ಯೆ ಹೆಚ್ಚುಕಡಿಮೆ ಎರಡರಷ್ಟಾಯಿತು.

1852ರಲ್ಲಿ ಅವರು ಲಿಬರಲ್ ಪಕ್ಷದಿಂದ ವಿಕ್ ಕ್ಷೇತ್ರದ ಸದಸ್ಯರಾಗಿ ಕಾಮನ್ಸ್ ಸಭೆಗೆ ಆಯ್ಕೆಯಾದರು. ಸ್ಕಾಟ್ಲೆಂಡಿನ ಉತ್ತರ ತುದಿಯ ಕೆಲವು ಪಟ್ಟಣಗಳನ್ನು ಒಟ್ಟುಗೂಡಿಸಿ ಮಾಡಿದ್ದ ಆ ಕ್ಷೇತ್ರದಲ್ಲಿ ಆರ್ಕ್ನಿಯ ಕರ್ಕ್‌ವಾಲ್ ಪಟ್ಟಣವೂ ಸೇರಿತ್ತು. ವಿಕ್ ಪಟ್ಟಣಕ್ಕೆ ರೈಲು ಬಂದದ್ದು 1874ರಲ್ಲಿ. ಆರ್ಕ್ನಿಗಂತೂ ಸಾರ್ವಜನಿಕ ರೈಲು ಇಂದಿಗೂ ಇಲ್ಲ. ಹಾಗಾಗಿ ತಮ್ಮ ಕಂಪನಿಯ ಹಳಿಗಳಿದ್ದ ಊರುಗಳ ಮತವನ್ನು ನಂಬಿ ಗೆದ್ದವರಲ್ಲ ಇವರು. 1857ರಲ್ಲಿ ಚೀನಾದ ಮೇಲಿನ ಯುದ್ಧವನ್ನು ವಿರೋಧಿಸಿದ್ದಕ್ಕೆ ಸ್ಥಾನ ಕಳೆದುಕೊಂಡು, 1859ರಲ್ಲಿ ಮತ್ತೆ ಗೆದ್ದು, ಗ್ಲ್ಯಾಡ್‌ಸ್ಟನ್ ಹಣಕಾಸು ಮಂತ್ರಿಯಾಗಿದ್ದಾಗ ಖಜಾನೆಯ ಹಣಕಾಸು ಕಾರ್ಯದರ್ಶಿಯಾದರು. ವಿಲ್ಸನ್ ತೀರಿಕೊಂಡಾಗ ಸರ್ಕಾರದ ಕಣ್ಣು ಇವರ ಮೇಲೆ ಬಿದ್ದದ್ದು ಈ ಕಾರಣಕ್ಕೆ. ವಿಲ್ಸನ್ ಅವರೂ ಭಾರತಕ್ಕೆ ಬರುವ ಮುನ್ನ ಅದೇ ಖಜಾನೆ ಕಾರ್ಯದರ್ಶಿಯ ಹುದ್ದೆಯಲ್ಲಿ ವರ್ಷಗಟ್ಟಲೆ ಇದ್ದವರು.

ನಾಣ್ಯಪ್ರಿಯ

ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಧನ್ಯವಾದಗಳು, ಸರ್. ನೀವು ಹೇಳಿದ ಡಾಲ್‌ಹೌಸಿ, ನಮ್ಮಲ್ಲಿ ಗವರ್ನರ್ ಜನರಲ್ ಆಗಿದ್ದ ಡಾಲ್‌ಹೌಸಿಯವರೇ ತಾನೇ? ಹಾಗಿದ್ದರೆ ಭಾರತದ ರೈಲ್ವೆಗೂ ಲೇಂಗ್ ಅವರ ಕೆಲಸಕ್ಕೂ ಅವರು ಇಲ್ಲಿಗೆ ಬರುವುದಕ್ಕೆ ಮುಂಚಿನಿಂದಲೇ ಒಂದು ನಂಟು ಇದ್ದಂತಾಗುತ್ತದೆ. ಅವರು ಕಲ್ಕತ್ತಾದಲ್ಲಿ ಮಾಡಿದ ಕೆಲಸವೇನು ಎಂಬುದನ್ನೂ ಯಾರಾದರೂ ತಿಳಿಸುವಿರಾ?

ಕಡತಗಳ ನಡುವೆ

ಹೌದು, ಅವರೇ. 1845ರಲ್ಲಿ ಲಂಡನ್ನಿನಲ್ಲಿ ಆ ಮಂಡಳಿಯ ಮುಖ್ಯಸ್ಥರಾಗಿದ್ದ ಡಾಲ್‌ಹೌಸಿ, 1848ರ ಜನವರಿಯಲ್ಲಿ ಕಲ್ಕತ್ತಾಕ್ಕೆ ಬಂದರು. ಕಂಪನಿಗಳ ಪೈಪೋಟಿಯಿಂದ ಇಂಗ್ಲೆಂಡಿನಲ್ಲಿ ಆದ ಗೊಂದಲವನ್ನು, ಅದರಲ್ಲೂ ಬೇರೆ ಬೇರೆ ಅಗಲದ ಹಳಿಗಳು ಒಂದಕ್ಕೊಂದು ಕೂಡದೆ ಒಂದು ಗಾಡಿಯಿಂದ ಇನ್ನೊಂದಕ್ಕೆ ಸರಕು ಇಳಿಸಿ ಏರಿಸಬೇಕಾದ ಪಾಡನ್ನು, ಕಣ್ಣಾರೆ ನೋಡಿದ್ದ ಅವರು ಇಲ್ಲಿ ಮೊದಲಿನಿಂದಲೇ ಒಂದೇ ಅಳತೆ ಇರಬೇಕೆಂದು ಪಟ್ಟುಹಿಡಿದರು. ಐದೂವರೆ ಅಡಿಯ ನಮ್ಮ ಬ್ರಾಡ್‌ಗೇಜ್ ಹಾಗೆ ನಿರ್ಧಾರವಾದದ್ದು.

ಲೇಂಗ್ ಬಂದಾಗ ಇದ್ದ ಪರಿಸ್ಥಿತಿ ಕಷ್ಟದ್ದು. 1857ರ ದಂಗೆಯ ಬಳಿಕ ಸೈನ್ಯದ ಖರ್ಚು ಏರಿ, ಸಾಲ ಬೆಳೆದು, ವರ್ಷವರ್ಷವೂ ಬೊಕ್ಕಸಕ್ಕೆ ಕೊರತೆ ಬೀಳುತ್ತಿತ್ತು. ವಿಲ್ಸನ್ 1860ರಲ್ಲಿ ಆದಾಯ ತೆರಿಗೆಯನ್ನು ಹಾಕಿದ್ದರು, ಕಾಗದದ ಹಣದ ಮಸೂದೆಯನ್ನೂ ಮಂಡಿಸಿದ್ದರು. ಎರಡನ್ನೂ ದಡ ಮುಟ್ಟಿಸುವ ಹೊಣೆ ಲೇಂಗ್ ಅವರ ಮೇಲೆ ಬಿತ್ತು.

ನೋಟಿನ ವಿಷಯದಲ್ಲಿ ನಾಣ್ಯಪ್ರಿಯ ಅವರಿಗೆ ಆಸಕ್ತಿ ಇರುವುದರಿಂದ ಒಂದು ಮಾತು ಹೇಳಲೇಬೇಕು. ವಿಲ್ಸನ್ ಅವರ ಮಸೂದೆ ಹೇಗಿತ್ತೋ ಹಾಗೆಯೇ ಕಾಯ್ದೆಯಾಗಲಿಲ್ಲ. ಚಲಾವಣೆಗೆ ಬಿಟ್ಟ ನೋಟುಗಳ ಬೆನ್ನಿಗೆ ಎಷ್ಟು ಬೆಳ್ಳಿ ಇಟ್ಟಿರಬೇಕು ಎಂಬುದರಲ್ಲಿ ವಿಲ್ಸನ್ ಹೆಚ್ಚು ಸಡಿಲಿಕೆ ಬಯಸಿದ್ದರು. ಲಂಡನ್ನಿನಲ್ಲಿ ಭಾರತ ಖಾತೆಯ ಮಂತ್ರಿಯಾಗಿದ್ದ ಚಾರ್ಲ್ಸ್ ವುಡ್ ಅದಕ್ಕೆ ಒಪ್ಪಲಿಲ್ಲ. ಕೊನೆಗೆ 4 ಕೋಟಿ ರೂಪಾಯಿಯವರೆಗೆ ಮಾತ್ರ ಸರ್ಕಾರಿ ಸಾಲಪತ್ರಗಳನ್ನು ಆಧಾರವಾಗಿ ಇಟ್ಟುಕೊಳ್ಳಬಹುದು, ಅದಕ್ಕೆ ಮೇಲ್ಪಟ್ಟ ಪ್ರತಿ ನೋಟಿಗೂ ನಾಣ್ಯ ಅಥವಾ ಗಟ್ಟಿ ಲೋಹ ಇರಲೇಬೇಕು ಎಂಬ ಬಿಗಿಯಾದ ನಿಯಮದೊಂದಿಗೆ ಕಾಯ್ದೆ ಬಂತು. ಕಲ್ಕತ್ತಾ, ಮುಂಬಯಿ, ಮದ್ರಾಸಿನ ಪ್ರೆಸಿಡೆನ್ಸಿ ಬ್ಯಾಂಕುಗಳಿಗಿದ್ದ ನೋಟು ಹೊರಡಿಸುವ ಹಕ್ಕು ಹೋಯಿತು. ದೇಶವನ್ನು ವೃತ್ತಗಳಾಗಿ ವಿಂಗಡಿಸಿದ್ದರಿಂದ, ಒಂದು ವೃತ್ತದ ನೋಟನ್ನು ಇನ್ನೊಂದು ವೃತ್ತದ ಕಚೇರಿಯಲ್ಲಿ ಕೊಟ್ಟು ಬೆಳ್ಳಿ ರೂಪಾಯಿ ಕೇಳುವ ಹಕ್ಕು ಇರಲಿಲ್ಲ. ಮದ್ರಾಸಿನ ನೋಟು ಹಿಡಿದು ಮುಂಬಯಿಗೆ ಹೋದ ವ್ಯಾಪಾರಿ ಕಸಿವಿಸಿಪಡುತ್ತಿದ್ದದ್ದು ಈ ಕಾರಣಕ್ಕೆ.

ತೆರಿಗೆಯಲ್ಲಿ ಲೇಂಗ್ ತೆಗೆದುಕೊಂಡ ಒಂದು ನಿರ್ಧಾರ ನನಗೆ ಬಹಳ ಮೆಚ್ಚಿಗೆಯಾಗಿದೆ. ವರ್ಷಕ್ಕೆ 200ರಿಂದ 500 ರೂಪಾಯಿ ಆದಾಯವಿದ್ದವರ ಮೇಲೆ ವಿಲ್ಸನ್ ಹಾಕಿದ್ದ ನೂರಕ್ಕೆ 2ರ ತೆರಿಗೆಯನ್ನು 1862ರಲ್ಲಿ ಅವರು ತೆಗೆದುಹಾಕಿದರು. ಲೆಕ್ಕ ಬರೆಯದ ಸಣ್ಣ ಅಂಗಡಿಯವರು, ಗುಮಾಸ್ತರು, ಸಣ್ಣ ಹಿಡುವಳಿದಾರರು ತೆರಿಗೆಯ ಜವಾನನ ಕಾಟದಿಂದ ಪಾರಾದರು. ಸರ್ಕಾರಕ್ಕೆ ಅವರಿಂದ ಬರುತ್ತಿದ್ದ ಹಣಕ್ಕಿಂತ ಅವರಿಗಾಗುತ್ತಿದ್ದ ಕಿರುಕುಳವೇ ಹೆಚ್ಚಿನದಾಗಿತ್ತು. ಬಜೆಟ್ಟಿನ ಲೆಕ್ಕಗಳ ವಿಷಯದಲ್ಲಿ ವುಡ್ ಅವರೊಂದಿಗೆ ಭಿನ್ನಾಭಿಪ್ರಾಯ ಬೆಳೆದು, ಆರೋಗ್ಯವೂ ಕೆಟ್ಟು, ಅದೇ ವರ್ಷ ಅವರು ಹುದ್ದೆ ಬಿಟ್ಟರು. ಅವರ ಜಾಗಕ್ಕೆ ಬಂದವರು ಚಾರ್ಲ್ಸ್ ಟ್ರೆವೆಲಿಯನ್: ಮದ್ರಾಸಿನ ಗವರ್ನರಾಗಿದ್ದಾಗ ವಿಲ್ಸನ್ ಅವರ ತೆರಿಗೆಯನ್ನು ಬಹಿರಂಗವಾಗಿ ವಿರೋಧಿಸಿ ಹುದ್ದೆ ಕಳೆದುಕೊಂಡಿದ್ದವರು!

ತುಂಗಾತೀರ

ಇಬ್ಬರ ಉತ್ತರಗಳೂ ಚೆನ್ನಾಗಿವೆ. ಆದರೆ ಲೇಂಗ್ ಅವರನ್ನು ನಾವು ಸ್ವಲ್ಪ ಹೆಚ್ಚೇ ಉದಾರವಾಗಿ ನೋಡುತ್ತಿದ್ದೇವೆಯೇ ಎಂಬ ಅನುಮಾನ ನನ್ನದು. ನಾಣ್ಯಪ್ರಿಯ ಅವರು ಇದು ಸಾಮಾನ್ಯವಾಗಿತ್ತೇ ಎಂದು ಕೇಳಿದ್ದರು. ಖಂಡಿತ ಸಾಮಾನ್ಯವಾಗಿತ್ತು, ಅದೇ ಕಳವಳದ ವಿಷಯ. 1860ರ ದಶಕದ ನಡುವಿನ ಹೊತ್ತಿಗೆ ಕಾಮನ್ಸ್ ಸಭೆಯಲ್ಲಿ ಕುಳಿತಿದ್ದ ರೈಲ್ವೆ ನಿರ್ದೇಶಕರು ನೂರಕ್ಕೂ ಹೆಚ್ಚು. ಹೊಸ ಮಾರ್ಗಕ್ಕೆ ಅನುಮತಿ ಕೊಡುವವರೂ ಅವರೇ, ಕೇಳುವವರೂ ಅವರೇ ಆಗಿದ್ದ ಸಭೆಯಲ್ಲಿ ಪ್ರಯಾಣಿಕನ ಪರವಾಗಿ ಮಾತನಾಡುವವರು ಯಾರು? ಸಂಡರ್‌ಲ್ಯಾಂಡಿನ ಸದಸ್ಯರಾಗಿದ್ದ ಜಾರ್ಜ್ ಹಡ್ಸನ್ ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ. ಮೂಲ ಬಂಡವಾಳದಿಂದಲೇ ಹಣ ತೆಗೆದು ಡಿವಿಡೆಂಡ್ ಹಂಚುತ್ತಿದ್ದ ಅವರ ವ್ಯವಹಾರ 1849ರಲ್ಲಿ ಬಯಲಾಯಿತು. ಆದರೆ ಪಾರ್ಲಿಮೆಂಟ್ ಸದಸ್ಯರನ್ನು ಸಾಲಕ್ಕಾಗಿ ಬಂಧಿಸುವಂತಿರಲಿಲ್ಲವಾದ್ದರಿಂದ, 1859ರಲ್ಲಿ ಚುನಾವಣೆ ಸೋಲುವವರೆಗೆ ಸಾಲ ಕೊಟ್ಟವರಿಗೆ ಅವರನ್ನು ಮುಟ್ಟಲಾಗಲಿಲ್ಲ.

ಲೇಂಗ್ ಹಡ್ಸನ್ನರಂಥ ವಂಚಕರಲ್ಲ, ಒಪ್ಪುತ್ತೇನೆ. ಆದರೂ ಕ್ರಿಸ್ಟಲ್ ಪ್ಯಾಲೇಸ್ ಪ್ರಕರಣವನ್ನು ನೋಡಿ. 1851ರ ಮಹಾ ಪ್ರದರ್ಶನಕ್ಕಾಗಿ ಹೈಡ್ ಪಾರ್ಕಿನಲ್ಲಿ ಕಟ್ಟಿದ್ದ ಗಾಜಿನ ಭವನವನ್ನು ಕೊಂಡು, ಲಂಡನ್ನಿನ ದಕ್ಷಿಣಕ್ಕಿರುವ ಸಿಡನಮ್ ಗುಡ್ಡದ ಮೇಲೆ ಇನ್ನೂ ದೊಡ್ಡದಾಗಿ ಕಟ್ಟಿದ ಕಂಪನಿಗೆ ಲೇಂಗ್ ಅವರೇ ಅಧ್ಯಕ್ಷರು. ಗುಡ್ಡದ ಮೇಲಿನ ಜಮೀನು ಮಾರಿದ ಲಿಯೋ ಶುಸ್ಟರ್ ಬ್ರೈಟನ್ ರೈಲ್ವೆಯ ನಿರ್ದೇಶಕರಲ್ಲಿ ಒಬ್ಬರು. 1854ರ ಜೂನ್ 10ರಂದು ರಾಣಿ ಭವನವನ್ನು ಉದ್ಘಾಟಿಸಿದಾಗ ಅಲ್ಲಿಗೆ ಜನರನ್ನು ಕರೆತಂದದ್ದು ಅದೇ ಬ್ರೈಟನ್ ರೈಲ್ವೆಯ ಕವಲು ಮಾರ್ಗ. ಭೂಮಿ ಮಾರಿದವರು, ಭವನ ಕಟ್ಟಿದವರು, ಟಿಕೆಟ್ ಮಾರಿದವರು ಒಂದೇ ಮೇಜಿನ ಸುತ್ತ ಕುಳಿತಿದ್ದವರು; ಆ ಮೇಜಿನ ತಲೆಯಲ್ಲಿ ಕುಳಿತವರು ಅದೇ ವೇಳೆಗೆ ಪಾರ್ಲಿಮೆಂಟ್ ಸದಸ್ಯರೂ ಹೌದು. ಭವನದ ವೆಚ್ಚ ಅಂದಾಜನ್ನು ಮೀರಿ ಬೆಳೆದು, ಸಾಮಾನ್ಯ ಷೇರುದಾರರಿಗೆ ಅದರಿಂದ ಸಿಕ್ಕ ಲಾಭ ಅಷ್ಟಕ್ಕಷ್ಟೇ ಆಯಿತು.

ಭಾರತದ ವಿಷಯದಲ್ಲೂ ಒಂದು ಪ್ರಶ್ನೆ ಉಳಿಯುತ್ತದೆ. ಇಲ್ಲಿ ಹಳಿ ಹಾಸಿದ ಲಂಡನ್ ಕಂಪನಿಗಳ ಬಂಡವಾಳಕ್ಕೆ ನೂರಕ್ಕೆ 5ರ ಬಡ್ಡಿಯನ್ನು ಸರ್ಕಾರ ಖಾತರಿಪಡಿಸಿತ್ತು. ಭೂಮಿಯನ್ನೂ ಬಿಟ್ಟಿಯಾಗಿ ಕೊಟ್ಟಿತ್ತು. ಎಷ್ಟು ದುಂದು ಮಾಡಿದರೂ ಬಡ್ಡಿ ತಪ್ಪುವುದಿಲ್ಲವೆಂದಾಗ ಕೈ ಬಿಗಿಹಿಡಿಯುವ ಕಾರಣ ಕಂಪನಿಗಿರಲಿಲ್ಲ. ಕೊರತೆ ತುಂಬಿಕೊಟ್ಟವನು ಇಲ್ಲಿನ ರೈತ. 1864ರಲ್ಲಿ ಜೋಲಾರ್‌ಪೇಟೆಯಿಂದ ಬೆಂಗಳೂರಿಗೆ ಗಾಡಿ ತಂದ ಮದ್ರಾಸ್ ರೈಲ್ವೆಯೂ ಇಂಥ ಖಾತರಿಯ ಕಂಪನಿಯೇ. ರೈಲ್ವೆಯ ಒಳಹೊರಗು ಬಲ್ಲ ಹಣಕಾಸು ಸದಸ್ಯರೊಬ್ಬರಿದ್ದ ಕಾಲದಲ್ಲೂ ಆ ಪದ್ಧತಿ ಕದಲಲಿಲ್ಲ.

ಹಳಿಯ ಹಾದಿ

ತುಂಗಾತೀರ ಅವರು ಎತ್ತಿದ ಮಾತುಗಳನ್ನು ತಳ್ಳಿಹಾಕುವಂತಿಲ್ಲ. ಕ್ರಿಸ್ಟಲ್ ಪ್ಯಾಲೇಸ್ ಬಗ್ಗೆ ಅವರು ಹೇಳಿದ್ದು ಅಕ್ಷರಶಃ ನಿಜ. ಖಾತರಿ ಬಡ್ಡಿಯ ವಿಷಯದಲ್ಲಿ ಮಾತ್ರ ಒಂದು ತಿದ್ದುಪಡಿ: ಮೊದಲ ಒಪ್ಪಂದಗಳು 1849ರಲ್ಲೇ ಆಗಿದ್ದವು, ಅವನ್ನು ಮಾಡಿಕೊಂಡದ್ದು ಈಸ್ಟ್ ಇಂಡಿಯಾ ಕಂಪನಿ, ಕಲ್ಕತ್ತಾದ ಹಣಕಾಸು ಸದಸ್ಯರು ತಾವಾಗಿ ಅವನ್ನು ಮುರಿಯುವ ಸ್ಥಿತಿಯಲ್ಲಿರಲಿಲ್ಲ.

ಆದರೆ ಅವರ ಅಧ್ಯಕ್ಷಗಿರಿಯನ್ನು ತೂಗುವಾಗ 1867ರ ಘಟನೆಗಳನ್ನು ಬಿಟ್ಟರೆ ಅನ್ಯಾಯವಾಗುತ್ತದೆ. 1855ರಲ್ಲಿ ಲೇಂಗ್ ಬ್ರೈಟನ್ ಕಂಪನಿಯನ್ನು ಬಿಟ್ಟರು. ತುಂಗಾತೀರ ಅವರು ಹೆಸರಿಸಿದ ಶುಸ್ಟರ್ ಅವರೇ ಮುಂದೆ ಅಧ್ಯಕ್ಷರಾಗಿ, ನೆರೆಯ ಕಂಪನಿ ಎಲ್ಲಿ ನುಗ್ಗಿಬಿಡುವುದೋ ಎಂಬ ಭಯಕ್ಕೆ, ಸಾಲ ಮಾಡಿ ಸಿಕ್ಕಸಿಕ್ಕಲ್ಲಿ ಹೊಸ ಮಾರ್ಗಗಳಿಗೆ ಕೈಹಾಕಿದರು. 1866ರ ಮೇ 10ರಂದು ಓವರೆಂಡ್ ಗರ್ನಿ ಎಂಬ ಲಂಡನ್ನಿನ ದೊಡ್ಡ ಹಣಕಾಸು ಸಂಸ್ಥೆ ಮುಳುಗಿದಾಗ ಸಾಲ ಕೊಡುವವರೇ ಇಲ್ಲವಾಗಿ, ಬ್ರೈಟನ್ ಕಂಪನಿ ದಿವಾಳಿಯ ಅಂಚಿಗೆ ಬಂದು ನಿಂತಿತು. ಸಿಟ್ಟಿಗೆದ್ದ ಷೇರುದಾರರು ಹಳೆಯ ಆಡಳಿತವನ್ನು ಕೆಳಗಿಳಿಸಿದ ಮೇಲೆ, ಲೇಂಗ್ ಮರಳಿ ಅಧ್ಯಕ್ಷರಾದರು.

ಅವರು ಮೊದಲು ಮಾಡಿದ್ದು ಕೆಲಸ ನಿಲ್ಲಿಸುವ ಕೆಲಸ. ಸಸೆಕ್ಸ್ ಪ್ರಾಂತ್ಯದಲ್ಲಿ ಊಸ್ ಕಣಿವೆಯಿಂದ ಹೇಲ್‌ಷಮ್ ಕಡೆಗೆ ಹೊರಟಿದ್ದ ಮಾರ್ಗಕ್ಕೆ 1864ರಲ್ಲಿ ಅನುಮತಿ ಸಿಕ್ಕಿ, ಮಣ್ಣಿನ ದಿಣ್ಣೆಗಳು ಎದ್ದಿದ್ದವು. ಅಷ್ಟು ಹಣ ಸುರಿದಾಗಿದೆ, ಮುಗಿಸಿಯೇಬಿಡೋಣ ಎಂಬ ಮೋಹಕ್ಕೆ ಬೀಳದೆ ಅದನ್ನು ಹಾಗೆಯೇ ಕೈಬಿಡಲಾಯಿತು. ಬ್ರೈಟನ್ ಮಾರ್ಗದ 37 ಕಮಾನುಗಳ ಪ್ರಸಿದ್ಧ ಇಟ್ಟಿಗೆ ಸೇತುವೆಯ ಹತ್ತಿರ ಆ ದಿಣ್ಣೆಯ ಉಳಿಕೆಯನ್ನು ಈಗಲೂ ಗುರುತಿಸಬಹುದು. ಆಮೇಲೆ ಸಂಚಾರ ವಿಭಾಗವನ್ನು ಜೆ. ಪಿ. ನೈಟ್ ಅವರ ಕೈಗೂ, 1870ರಲ್ಲಿ ಎಂಜಿನ್ ಕಾರ್ಖಾನೆಯನ್ನು ವಿಲಿಯಂ ಸ್ಟ್ರೌಡ್ಲಿ ಅವರ ಕೈಗೂ ಒಪ್ಪಿಸಲಾಯಿತು. ಬಗೆಬಗೆಯ ಎಂಜಿನ್ನುಗಳ ಸಂತೆಯಂತಿದ್ದ ಕಂಪನಿಯಲ್ಲಿ ಸ್ಟ್ರೌಡ್ಲಿ ಕೆಲವೇ ಮಾದರಿಗಳನ್ನು ಉಳಿಸಿಕೊಂಡು, ಬಿಡಿಭಾಗಗಳು ಒಂದರದು ಇನ್ನೊಂದಕ್ಕೆ ಹೊಂದುವಂತೆ ಮಾಡಿದರು. ಕಂಪನಿ ಚೇತರಿಸಿಕೊಂಡಿತು, ಡಿವಿಡೆಂಡ್ ಮತ್ತೆ ಬರತೊಡಗಿತು. 1881ರಲ್ಲಿ ಇಡೀ ಬ್ರಿಟನ್ನಿನಲ್ಲೇ ಮೊದಲ ಬಾರಿಗೆ ರೈಲು ಬಂಡಿಯೊಂದರಲ್ಲಿ ವಿದ್ಯುತ್ ದೀಪ ಉರಿದದ್ದು ಈ ಕಂಪನಿಯ ಬ್ರೈಟನ್ ಮಾರ್ಗದಲ್ಲಿ. 1894ರವರೆಗೆ ಲೇಂಗ್ ಅಧ್ಯಕ್ಷರಾಗಿದ್ದರು. ಅದರ ನಡುವೆ 1873ರಿಂದ 1885ರವರೆಗೆ ಆರ್ಕ್ನಿ ಮತ್ತು ಶೆಟ್ಲೆಂಡ್ ಕ್ಷೇತ್ರದ ಸದಸ್ಯರೂ ಆಗಿದ್ದರು.

ಇಷ್ಟಾದರೂ ನನ್ನ ಮೊದಲ ಮಾತಿಗೇ ಅಂಟಿಕೊಳ್ಳುತ್ತೇನೆ. ಅಧ್ಯಕ್ಷರಾಗಿ ಅವರು ಒಂದು ಕಂಪನಿಯನ್ನು ಉಳಿಸಿದರು, ಮಂತ್ರಿಯಂಥ ಸ್ಥಾನದಲ್ಲಿ ಇನ್ನೊಬ್ಬರು ಆರಂಭಿಸಿದ್ದನ್ನು ಸರಿದೂಗಿಸಿದರು. ಮೂವತ್ತರ ಆಸುಪಾಸಿನಲ್ಲಿ ಸಂಬಳದ ಅಧಿಕಾರಿಯಾಗಿದ್ದಾಗ ಸೂಚಿಸಿದ ಮೈಲಿಗೆ 1 ಪೆನ್ನಿಯ ಗಾಡಿ ಮಾತ್ರ ಬ್ರಿಟನ್ನಿನ ದುಡಿಯುವ ಜನರ ಓಡಾಟವನ್ನೇ ಬದಲಿಸಿತು. ಕಂಪನಿಗಳು ಗೊಣಗುತ್ತಾ ಓಡಿಸಿದ ಆ ಗಾಡಿಗಳಿಂದಲೇ, ಬಡ ಪ್ರಯಾಣಿಕರ ಸಣ್ಣ ದರ ಒಟ್ಟುಗೂಡಿದರೆ ದೊಡ್ಡ ವರಮಾನವೆಂಬುದು ಅವುಗಳಿಗೆ ತಿಳಿದದ್ದು; 1872ರಲ್ಲಿ ಮಿಡ್ಲೆಂಡ್ ರೈಲ್ವೆ ತನ್ನ ಎಲ್ಲ ಗಾಡಿಗಳಿಗೂ ಮೂರನೇ ದರ್ಜೆಯ ಬಂಡಿಗಳನ್ನು ಜೋಡಿಸಿದಾಗ ಅದನ್ನು ಯಾರೂ ಕಾಯ್ದೆಯಿಂದ ಬಲವಂತಪಡಿಸಿರಲಿಲ್ಲ.

ಕಡತಗಳ ನಡುವೆ

ತುಂಗಾತೀರ ಅವರ ಪ್ರಶ್ನೆಗೆ 1844ರ ಕಾಯ್ದೆಯಲ್ಲೇ ಇನ್ನೊಂದು ಉತ್ತರವಿದೆ, ಅದು ಈ ಚರ್ಚೆಯಲ್ಲಿ ಬಂದಿಲ್ಲ. ಅಂದಿನಿಂದ ಮುಂದೆ ಅನುಮತಿ ಪಡೆಯುವ ಯಾವುದೇ ರೈಲ್ವೆಯನ್ನು 21 ವರ್ಷಗಳ ಬಳಿಕ ಸರ್ಕಾರ ಕೊಂಡುಕೊಳ್ಳಬಹುದು, ಲಾಭ ನೂರಕ್ಕೆ 10ನ್ನು ಮೀರಿದರೆ ದರಗಳನ್ನು ಇಳಿಸಬಹುದು ಎಂಬ ಷರತ್ತು ಅದರಲ್ಲಿತ್ತು. 1865ರಲ್ಲಿ ಆ ಅವಧಿ ತುಂಬಿದಾಗ, ಡೆವನ್‌ಶೈರ್ ಡ್ಯೂಕ್ ಅವರ ನೇತೃತ್ವದಲ್ಲಿ ರಾಜ ಆಯೋಗವೊಂದು ಕುಳಿತು ವಿಚಾರಿಸಿ, ಸರ್ಕಾರ ಕೊಂಡುಕೊಳ್ಳುವುದು ಬೇಡವೆಂದು 1867ರಲ್ಲಿ ವರದಿ ಕೊಟ್ಟಿತು. ನೂರಕ್ಕೂ ಹೆಚ್ಚು ನಿರ್ದೇಶಕರಿದ್ದ ಸಭೆಯ ಮುಂದೆ ಇನ್ನೇನು ಬಂದೀತು ಎಂದು ತುಂಗಾತೀರ ಅವರು ಕೇಳಬಹುದು, ಕೇಳಿದರೆ ತಪ್ಪಲ್ಲ. ಬ್ರಿಟನ್ನಿನ ರೈಲ್ವೆಗಳು ಸರ್ಕಾರದ ಪಾಲಾದದ್ದು 1948ರ ಜನವರಿ 1ರಂದು. ಭಾರತದ ಖಾತರಿ ಒಪ್ಪಂದಗಳಲ್ಲೂ 25 ವರ್ಷಗಳ ಬಳಿಕ ಕೊಳ್ಳಬಹುದೆಂಬ ಇಂಥದೇ ಷರತ್ತು ಇತ್ತು. ಇಲ್ಲಿ ಅದನ್ನು ಬಳಸಿಕೊಂಡು, 1879ರ ಕೊನೆಗೆ ಸರ್ಕಾರ ಈಸ್ಟ್ ಇಂಡಿಯನ್ ರೈಲ್ವೆಯನ್ನು ಕೊಂಡುಕೊಂಡಿತು.